ರೋಮನ್ ಬೆಳ್ಳಿ ನಾಣ್ಯ ಓದೋದು ಹೇಗೆ: ದಿನಾರಿಯಸ್ ಮೇಲಿನ ಮುಖ, ಅಕ್ಷರ, ಚಿತ್ರ ಹಂತ ಹಂತವಾಗಿ

ಯಾರಾದ್ರೂ ರೋಮನ್ ಬೆಳ್ಳಿ ನಾಣ್ಯದ ಫೋಟೋ ಕಳ್ಸಿ "ಇದು ಯಾವ ರಾಜಂದು ಸಾರ್" ಅಂತ ಕೇಳಿದ್ರೆ ನಾನು ಮೊದ್ಲು ಮುಖ ನೋಡೋಕೆ ಹೋಗಲ್ಲ. ಮುಖ ನಂಬಿ ಕೆಟ್ಟವರು ಬಹಳ ಜನ ಇದಾರೆ, ಅದ್ರಲ್ಲಿ ನಾನೂ ಒಬ್ಬ. ಸವೆದ ನಾಣ್ಯದಲ್ಲಿ ಆಗಸ್ಟಸ್, ಟೈಬೀರಿಯಸ್ ಇಬ್ರೂ ಅಣ್ಣತಮ್ಮಂದಿರ ಥರ ಕಾಣ್ತಾರೆ, ಗಡ್ಡ ಇರೋ ನಾಲ್ಕೈದು ಚಕ್ರವರ್ತಿಗಳಂತೂ ಸವೆದ ಮೇಲೆ ಎಲ್ಲ ಒಂದೇ. ಅದಕ್ಕೆ ತೂಕ ಮೊದ್ಲು, ಆಮೇಲೆ ಅಕ್ಷರ, ಆಮೇಲೆ ಹಿಂದಿನ ಚಿತ್ರದಲ್ಲಿರೋರ ಕೈ, ಮುಖ ಕಟ್ಟಕಡೆಗೆ. ಈ ಆರ್ಡರ್ ಹಿಡಿದ್ರೆ ಲ್ಯಾಟಿನ್ ಒಂದಕ್ಷರ ಬರದೇ ಇರೋರೂ ಸುಮಾರು ನಾಣ್ಯಗಳನ್ನ ತಾವೇ ಗುರುತು ಹಿಡೀಬಹುದು.

ಹೆಸರಿನ ವಿಷಯ ಒಂದು ಹೇಳಿ ಮುಂದೆ ಹೋಗ್ತೀನಿ. ಈ ನಾಣ್ಯದ ಹೆಸರು ದಿನಾರಿಯಸ್. ಸಂಸ್ಕೃತದ ದೀನಾರ, ಇವತ್ತಿನ ಕುವೈತ್ ದಿನಾರ್, ಎಲ್ಲದಕ್ಕೂ ಇದೇ ಮೂಲ. ಹತ್ತರದ್ದು ಅಂತ ಅರ್ಥ, ಯಾಕಂದ್ರೆ ಕ್ರಿ.ಪೂ. 211ರ ಹೊತ್ತಿಗೆ ಕಾರ್ತೇಜ್‌ನ ದಂಡನಾಯಕ ಹ್ಯಾನಿಬಾಲ್ ಜೊತೆ ಯುದ್ಧ ನಡೀತಿರೋವಾಗ ಇದನ್ನ ಶುರು ಮಾಡಿದಾಗ ಒಂದು ದಿನಾರಿಯಸ್‌ಗೆ ಹತ್ತು ತಾಮ್ರದ ಆಸ್ ನಾಣ್ಯ. ಆಮೇಲೆ ಸುಮಾರು ಕ್ರಿ.ಪೂ. 141ಕ್ಕೆ ಅದನ್ನ ಹದಿನಾರು ಮಾಡಿದ್ರು, ಹೆಸರು ಮಾತ್ರ ಹತ್ತರದ್ದೇ ಉಳೀತು.

ಹೆಜ್ಜೆ 1: ತೂಕ ಹಾಕಿ, ಅಳತೆ ತಗೊಳ್ಳಿ

ಬೇಕಾಗಿರೋದು 0.01 ಗ್ರಾಂ ತೋರ್ಸೋ ಸಣ್ಣ ಡಿಜಿಟಲ್ ತಕ್ಕಡಿ, ಆನ್‌ಲೈನಲ್ಲಿ ಸಿಗತ್ತೆ, ಇಲ್ಲಾಂದ್ರೆ ಪರಿಚಯದ ಚಿನ್ನದಂಗಡಿಯಲ್ಲಿ ಕೇಳಿದ್ರೆ ಹಾಕ್ಕೊಡ್ತಾರೆ. ಜೊತೆಗೊಂದು ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಭೂತಗನ್ನಡಿ.

ಅಂದಾಜು ಸಿಗೋಕೆ ಜೇಬಲ್ಲಿರೋ ಒಂದು ರೂಪಾಯಿ ತೆಗೀರಿ. 2011ರಲ್ಲಿ ಶುರುವಾದ ಮಾದರಿಯ ಸಣ್ಣ ಸ್ಟೀಲ್ ನಾಣ್ಯ (2019ರ ಹೊಸ ಮಾದರಿ ಅಲ್ಲ) ಸುಮಾರು 22 ಮಿಲಿಮೀಟರ್ ಅಗಲ, 3.79 ಗ್ರಾಂ. ಆಗಸ್ಟಸ್ ಕಾಲದ ದಿನಾರಿಯಸ್ ತೂಕದಲ್ಲಿ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಅಗಲ 18-19 ಮಿಲಿಮೀಟರ್, ಹಾಗಾಗಿ ಕೈಗೆ ಗುಂಡಗೆ ದಪ್ಪಗೆ ಸಿಗತ್ತೆ. ಮೊಟ್ಟಮೊದಲ ದಿನಾರಿಯಸ್ ಸುಮಾರು 4.5 ಗ್ರಾಂ ಇತ್ತು, ಕೆಲವೇ ವರ್ಷದಲ್ಲಿ 3.9ಕ್ಕೆ ಇಳೀತು, ಅದು ಎರಡೂವರೆ ಶತಮಾನ ಹೆಚ್ಚುಕಮ್ಮಿ ಹಾಗೇ ನಿಂತಿತ್ತು. ನೀರೋ ಕ್ರಿ.ಶ. 64ರ ಸುಮಾರಿಗೆ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ಹೊಡೀತಿದ್ದ ಕಡೆ 96 ಹೊಡೆಸಿದ, ತೂಕ 3.4 ಗ್ರಾಂಗೆ ಬಂತು, ಬೆಳ್ಳಿಗೆ ತಾಮ್ರಾನೂ ಬೆರೀತು. ಅಲ್ಲಿಂದ ಇಳಿಜಾರು. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕಾಲಕ್ಕೆ ಬೆಳ್ಳಿ ಅರ್ಧದ ಆಸುಪಾಸು.

ತೂಕ ನಿಮಗೆ ಹೇಳೋದು ಇಷ್ಟು: 3.7ರ ಮೇಲಿದ್ರೆ ನೀರೋಗಿಂತ ಹಿಂದಿನದು ಇರಬಹುದು, 3.0 ರಿಂದ 3.4 ಇದ್ರೆ ಬಹುಶಃ ಆಮೇಲಿಂದು, ಸವೆತ ಲೆಕ್ಕಕ್ಕೆ ಹಿಡೀರಿ. ತೂಕ ತೀರಾ ಕಮ್ಮಿ ಇದ್ದು ಅಂಚಲ್ಲಿ ಎಲ್ಲಾದ್ರೂ ಕೆಂಪಗೆ ತಾಮ್ರ ಇಣುಕ್ತಾ ಇದ್ರೆ ಅದು ಒಳಗೆ ತಾಮ್ರ ಮೇಲೆ ಬೆಳ್ಳಿ ಹೊದಿಸಿದ ಆಗಿನ ಕಾಲದ್ದೇ ಕಳ್ಳ ನಾಣ್ಯ. ಎರಡು ಸಾವಿರ ವರ್ಷ ಹಳೇ ಮೋಸ ಅಂತ ಇದಕ್ಕೂ ಸಂಗ್ರಹಗಾರರಲ್ಲಿ ಅಭಿಮಾನಿಗಳಿದಾರೆ. ಕೆಲವು ನಾಣ್ಯದ ಮೇಲೆ ಸಣ್ಣ ಸಣ್ಣ ಗಾಯ, ಅರ್ಧಚಂದ್ರ ಥರ ಗುರುತು ಇರತ್ತೆ. ಒಳಗೂ ಬೆಳ್ಳಿನೇ ಇದ್ಯಾ ಅಂತ ಆಗಿನ ಸಾಹುಕಾರ್ರು ಕೊರೆದು ನೋಡಿದ್ದು, ಡ್ಯಾಮೇಜ್ ಅಂತ ಬೇಜಾರು ಮಾಡ್ಕೋಬೇಡಿ.

ಹೆಜ್ಜೆ 2: ತೊಳೀಬೇಡಿ

ಇದನ್ನ ಒಂದು ಹೆಜ್ಜೆ ಅಂತಲೇ ಬರೀತಿದೀನಿ ಯಾಕಂದ್ರೆ ನಾನು ಇಲ್ಲೇ ಜಾರಿ ಬಿದ್ದಿದ್ದು. ಲಂಡನ್‌ನಲ್ಲಿದ್ದ ನಮ್ಮ ಭಾವ ಊರಿಗೆ ಬಂದಾಗ ಒಂದು ಸವೆದ ದಿನಾರಿಯಸ್ ತಂದ್ಕೊಟ್ರು, ಮೇಲೆಲ್ಲ ಕಪ್ಪು. ಮನೇಲಿ ಬೆಳ್ಳಿ ದೀಪ, ಕುಂಕುಮದ ಬಟ್ಲು ಕಪ್ಪಾದ್ರೆ ಏನ್ಮಾಡ್ತೀವಿ, ವಿಭೂತಿ ಹಾಕಿ ತಿಕ್ತೀವಿ. ಅಮ್ಮ ಪಕ್ಕದಲ್ಲೇ ಕೂತು "ಇನ್ನೊಂಚೂರು ಗಟ್ಟಿಯಾಗಿ ತಿಕ್ಕೋ" ಅಂತಿದ್ರು, ನಾನೂ ತಿಕ್ಕಿದೆ. ಫಳಫಳ ಅಂತ ಹೊಳೀತು. ಹೊಳೆದ ಮೇಲೆ ನೋಡಿದ್ರೆ ಹಿಂದಿನ ಕಡೆ ಇದ್ದ ಕೊನೇ ಎರಡ್ಮೂರು ಅಕ್ಷರ ಇಲ್ಲ. ಆ ಕಪ್ಪು ಪದರ ಇದ್ದಿದ್ರಿಂದಲೇ ಅಕ್ಷರದ ಗೆರೆ ಕಣ್ಣಿಗೆ ಕಾಣ್ತಿತ್ತು, ಗೆರೆ ಉಳಿದಿದ್ದೂ ಕೂದಲಿನಷ್ಟು ಎತ್ತರ ಮಾತ್ರ. ಯಾವ ನಾಣ್ಯ ಅಂತ ಆಮೇಲೆ ಹೇಳ್ತೀನಿ.

ಹುಣಸೆಹಣ್ಣು, ನಿಂಬೆಹಣ್ಣು, ಟೂತ್‌ಪೇಸ್ಟ್, ಸೋಡಾಪುಡಿ ಯಾವುದೂ ಬೇಡ. ಮಣ್ಣಿದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಮೆತ್ತನೆ ಬಟ್ಟೇಲಿ ಒತ್ತಿ ಒಣಗ್ಸಿ, ಉಜ್ಜಬೇಡಿ. ಹಿಡಿಯೋವಾಗ ಅಂಚು ಹಿಡೀರಿ.

ಹೆಜ್ಜೆ 3: ಓರೆ ಬೆಳಕಲ್ಲಿ ಫೋಟೋ

ಮೊಬೈಲ್ ಫ್ಲ್ಯಾಶ್ ಆಫ್ ಮಾಡಿ. ಟೇಬಲ್ ಲ್ಯಾಂಪನ್ನ ನಾಣ್ಯದ ಪಕ್ಕಕ್ಕೆ, ಹೆಚ್ಚುಕಮ್ಮಿ ಮೇಜಿನ ಮಟ್ಟಕ್ಕೆ ತನ್ನಿ, ಬೆಳಕು ಅಡ್ಡಡ್ಡ ಬೀಳಬೇಕು. ನಾಣ್ಯವನ್ನ ನಿಧಾನಕ್ಕೆ ತಿರುಗಿಸ್ತಾ ಎಂಟ್ಹತ್ತು ಫೋಟೋ ತೆಗೀರಿ. ಒಂದು ಕೋನದಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ನೆರಳು ಬಿದ್ದು ಎದ್ದು ಬರತ್ತೆ. ಅಷ್ಟೆ.

ಹೆಜ್ಜೆ 4: ರಿಪಬ್ಲಿಕ್ ಕಾಲದ್ದಾ, ಚಕ್ರವರ್ತಿ ಕಾಲದ್ದಾ

ಮುಂದಿನ ಕಡೆ ರೆಕ್ಕೆ ಇರೋ ಶಿರಸ್ತ್ರಾಣ ಹಾಕಿದ ಹೆಣ್ಣಿನ ತಲೆ, ಅದರ ಹಿಂದೆ ಎಕ್ಸ್ ಗುರುತು, ಹಿಂದಿನ ಕಡೆ ಈಟಿ ಹಿಡಿದು ಕುದುರೆ ಮೇಲೆ ನುಗ್ತಿರೋ ಇಬ್ಬರು ಅವಳಿಗಳು, ಕೆಳಗೆ ರೋಮಾ ಅಂತ ಅಕ್ಷರ, ಇಷ್ಟಿದ್ರೆ ಅದು ಶುರುವಿನ ರಿಪಬ್ಲಿಕ್ (ಚಕ್ರವರ್ತಿಗಳು ಬರೋಕೆ ಮುಂಚಿನ ಕಾಲ) ದಿನಾರಿಯಸ್. ಆ ಹೆಣ್ಣು ರೋಮಾ ದೇವತೆ, ಆ ಅವಳಿಗಳು ಕ್ಯಾಸ್ಟರ್ ಮತ್ತೆ ಪೋಲಕ್ಸ್, ಆ ಎಕ್ಸ್ ಅಂದ್ರೆ ಹತ್ತು ಆಸ್.

ಆಮೇಲೆ ಮಜಾ ಶುರು. ರೋಮಿನಲ್ಲಿ ನಾಣ್ಯ ಹೊಡೆಸೋ ಕೆಲಸಕ್ಕೆ ವರ್ಷವರ್ಷ ಹುಡುಗ ಅಧಿಕಾರಿಗಳನ್ನ ಹಾಕ್ತಿದ್ರು, ರಾಜಕೀಯಕ್ಕೆ ಬರೋಕೆ ಅದು ಮೊದಲ ಮೆಟ್ಟಿಲು, ಹಾಗಾಗಿ ಅವರು ಬರ್ತಾ ಬರ್ತಾ ನಾಣ್ಯದ ಮೇಲೆ ತಮ್ಮ ಮನೆತನದ ಫ್ಲೆಕ್ಸ್ ಹಾಕೋಕೆ ಶುರು ಮಾಡಿದ್ರು. ಮೂಸಾ ಅಂತ ಹೆಸರಿನವನೊಬ್ಬ ಒಂಬತ್ತು ಮ್ಯೂಸ್ ದೇವತೆಗಳನ್ನ ಹಾಕಿಸಿದ, ವಿಟುಲಸ್ ಅನ್ನೋನು ಕರು ಹಾಕಿಸಿದ, ಯಾಕಂದ್ರೆ ವಿಟುಲಸ್ ಅಂದ್ರೆ ಕರುನೇ. ಲೂಸಿಯಸ್ ಕ್ಯಾಸಿಯಸ್ ಲಾಂಗಿನಸ್ ಕ್ರಿ.ಪೂ. 63ರ ಸುಮಾರಿಗೆ ಹೊಡೆಸಿದ್ದರಲ್ಲಿ ಟೋಗಾ ಉಟ್ಟ ಮತದಾರನೊಬ್ಬ ವೋಟಿನ ಹಲಗೆಯನ್ನ ಬುಟ್ಟಿಗೆ ಹಾಕ್ತಿದಾನೆ, ಗುಪ್ತ ಮತದಾನದ ಕಾನೂನು ತಂದಿದ್ದು ಅವನ ಮನೆತನದವರು ಅನ್ನೋ ಹೆಮ್ಮೆ. ನನಗೆ ಎಲ್ಲಕ್ಕಿಂತ ಇಷ್ಟ ಕಾರಿಸಿಯಸ್ ಕ್ರಿ.ಪೂ. 46ರಲ್ಲಿ ಹೊಡೆಸಿದ್ದು: ಮುಂದೆ ಜೂನೋ ಮೊನೇಟಾ, ಹಿಂದೆ ಅಡಿಗಲ್ಲು, ಇಕ್ಕಳ, ಸುತ್ತಿಗೆ. ರೋಮಿನ ಟಂಕಸಾಲೆ ಇದ್ದಿದ್ದು ಕ್ಯಾಪಿಟಲ್ ಗುಡ್ಡದ ಮೇಲೆ ಮೊನೇಟಾ ಗುಡಿ ಹತ್ರ, ಇಂಗ್ಲಿಷಿನ ಮನಿ ಅನ್ನೋ ಪದ ಹುಟ್ಟಿದ್ದು ಆ ದೇವಿ ಹೆಸರಿಂದ.

ಆ ಸುತ್ತಿಗೆ ನೋಡಿದ್ರೆ ಇನ್ನೊಂದು ವಿಷಯ ಅರ್ಥ ಆಗತ್ತೆ. ಕೆಳಗಿನ ಅಚ್ಚು ಅಡಿಗಲ್ಲಲ್ಲಿ ಕೂತಿರತ್ತೆ, ಸಾಮಾನ್ಯವಾಗಿ ತಲೆ ಅದ್ರಲ್ಲಿ, ಮಧ್ಯೆ ಬೆಳ್ಳಿ ಬಿಲ್ಲೆ, ಮೇಲಿನ ಅಚ್ಚು ಕೈಲಿ ಹಿಡಿದು ಸುತ್ತಿಗೆ ಏಟು. ಕೈ ಸ್ವಲ್ಪ ಸರಿದ್ರೆ ಚಿತ್ರ ಪಕ್ಕಕ್ಕೆ ಹೋಯ್ತು, ಅರ್ಧ ಅಕ್ಷರ ಬಿಲ್ಲೆಯಿಂದ ಹೊರಗೆ. ಹಾಗಾಗಿ ಅಕ್ಷರ ಪೂರ್ತಿ ಇಲ್ದಿರೋದು, ಅಂಚು ಸೊಟ್ಟ ಇರೋದು ನಕಲಿ ಅನ್ನೋಕೆ ಸಾಕ್ಷಿ ಅಲ್ಲ. ಮೇಲ್ಮೈ ತುಂಬ ಗುಳ್ಳೆ ತೂತು, ಅಂಚಿನ ಸುತ್ತ ಒಂದು ಕೂಡುಗೆರೆ, ಅಕ್ಷರ ಸೋಪಿನ ಮೇಲೆ ಬರೆದಂಗೆ ಮೊಂಡಾಗಿ ಇದ್ರೆ ಅನುಮಾನ ಪಡಿ, ಎರಕ ಹೊಯ್ದಿದ್ದು ಇರಬಹುದು.

ಬದುಕಿರೋ ರೋಮನ್ ಒಬ್ಬನ ಮುಖ ರೋಮಿನ ನಾಣ್ಯಕ್ಕೆ ಬಂದಿದ್ದು ಕ್ರಿ.ಪೂ. 44ರಲ್ಲಿ, ಸೀಸರ್ ಜೀವಮಾನದ ಸರ್ವಾಧಿಕಾರಿ ಅಂತ ಬರೆಸಿಕೊಂಡು. ಅದಕ್ಕೂ ಮೊದ್ಲು ಅವನದ್ದೊಂದು ಪ್ರಸಿದ್ಧ ನಾಣ್ಯ ಇದೆ, ಕ್ರಿ.ಪೂ. 49ರದ್ದು, ಆನೆ ಹಾವನ್ನ ತುಳೀತಿದೆ, ಕೆಳಗೆ ಸೀಸರ್ ಅನ್ನೋ ಅಕ್ಷರ, ಹಿಂದೆ ಪೂಜೆ ಸಾಮಾನು: ಸೌಟು, ಪ್ರೋಕ್ಷಣೆ ಮಾಡೋ ಕುಂಚ, ಕೊಡಲಿ, ಪುರೋಹಿತರ ಟೋಪಿ. ತುಳಿತಿರೋದು ಹಾವಲ್ಲ ಗಾಲ್ (ಈಗಿನ ಫ್ರಾನ್ಸ್ ಕಡೆ) ಜನರ ಯುದ್ಧದ ಕಹಳೆ ಅನ್ನೋರೂ ಇದಾರೆ. 44ರ ಮಾರ್ಚ್ 15ಕ್ಕೆ ಸೀಸರ್‌ನ ಕೊಂದ್ರು. ಕೊಂದ ಬ್ರೂಟಸ್ ಒಂದೆರಡು ವರ್ಷದಲ್ಲೇ ಎರಡು ಕಠಾರಿ, ಮಧ್ಯೆ ಬಿಡುಗಡೆಯಾದ ಗುಲಾಮರು ಹಾಕೋ ಟೋಪಿ, ಕೆಳಗೆ ಆ ದಿನಾಂಕ ಹಾಕಿ ನಾಣ್ಯ ಹೊಡೆಸಿದ. ರಾಜನಾಗೋಕೆ ಹೊರಟೋನನ್ನ ಕೊಂದೆ ಅನ್ನೋನು ಅದೇ ನಾಣ್ಯದ ಇನ್ನೊಂದು ಕಡೆ ತನ್ನದೇ ಮುಖ ಹಾಕ್ಕೊಂಡ, ಅದನ್ನೇನು ಹೇಳೋಣ.

ಹೆಜ್ಜೆ 5: ಸುತ್ತ ಇರೋ ಅಕ್ಷರ ಬಿಡಿಸಿ

ಚಕ್ರವರ್ತಿ ಕಾಲದ ನಾಣ್ಯ ಅಂತಾದ್ರೆ ಗಡಿಯಾರದ ಏಳು ಗಂಟೆ ಜಾಗದಿಂದ ಶುರು ಮಾಡಿ, ಮುಳ್ಳು ತಿರುಗೋ ದಿಕ್ಕಲ್ಲೇ ಓದಿ. ಬಹುತೇಕ ಹಾಗೇ ಇರತ್ತೆ, ಕೆಲವು ಉಲ್ಟಾ ಇರ್ತವೆ. ಪದಗಳ ಮಧ್ಯೆ ಜಾಗ ಬಿಡಲ್ಲ. ಇಂಗ್ಲಿಷಿನ ಯು ಅಕ್ಷರ ಇಲ್ಲ, ಅದಕ್ಕೂ ವಿ ನೇ. ಆಗಸ್ಟಸ್ ಅನ್ನೋದನ್ನ ಎ-ವಿ-ಜಿ ಅಂತ ಮೂರಕ್ಷರದಲ್ಲಿ ಮುಗಿಸ್ತಾರೆ, ಇಬ್ಬರು ಚಕ್ರವರ್ತಿಗಳು ಒಟ್ಟಿಗೆ ಆಳ್ತಿದ್ರೆ ಕೊನೇಲಿ ಜಿ ಎರಡು, ಮೂವರಿದ್ರೆ ಮೂರು.

ನಮ್ಮ ಶಾಸನ ಓದಿದೋರಿಗೆ ಇದು ಹೊಸದಲ್ಲ. ಚಾಲುಕ್ಯರದ್ದು ಅಂದ್ರೆ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಅಂತ ಬಿರುದಿನ ಸರಮಾಲೆ ಬರತ್ತಲ್ಲ, ಒಂದ್ಸಲ ಬಾಯಿಗೆ ಬಂದ್ರೆ ಮುರಿದ ಕಲ್ಲಲ್ಲೂ ಮುಂದಿನ ಪದ ಯಾವ್ದು ಅಂತ ಊಹೆ ಆಗತ್ತೆ. ಇಲ್ಲೂ ಅದೇ. ಕಲೀಬೇಕಾಗಿರೋದು ಏಳೆಂಟು ಮಾತ್ರ: ಐ-ಎಂ-ಪಿ ಅಂದ್ರೆ ಇಂಪರೇಟರ್, ಸೇನೆ ಜೈಕಾರ ಹಾಕಿದ ದಂಡನಾಯಕ. ಪಿ-ಎಂ ಅಂದ್ರೆ ಪ್ರಧಾನ ಪುರೋಹಿತ. ಟಿ-ಆರ್-ಪಿ ಅಂದ್ರೆ ಟ್ರಿಬ್ಯೂನ್ ಅಂದ್ರೆ ಜನರ ಪ್ರತಿನಿಧಿಯ ಅಧಿಕಾರ, ವರ್ಷವರ್ಷ ಹೊಸದಾಗಿ ಬರತ್ತೆ, ಮುಂದೆ ಸಂಖ್ಯೆ ಇದ್ರೆ ನಿಮ್ಮ ಅದೃಷ್ಟ, ಇಸವಿನೇ ಸಿಕ್ಕಂಗೆ (ಟಿವಿ ಚಾನೆಲ್‌ನೋರ ಟಿಆರ್‌ಪಿ ಅಲ್ಲ). ಸಿ-ಒ-ಎಸ್ ಅಂದ್ರೆ ಕಾನ್ಸಲ್, ರೋಮಿನ ದೊಡ್ಡ ಅಧಿಕಾರಿಯ ಹುದ್ದೆ, ಎಷ್ಟನೇ ಸಲ ಅನ್ನೋದು ಸಂಖ್ಯೆ. ಪಿ-ಪಿ ಅಂದ್ರೆ ರಾಷ್ಟ್ರಪಿತ. ಎಫ್ ಅಂದ್ರೆ ಮಗ, ಡಿವಿ ಅಂದ್ರೆ ದೇವರಾದವನ.

ಟೈಬೀರಿಯಸ್‌ಂದು ಒಂದು ಬಿಡಿಸಿ ನೋಡೋಣ. ಟಿ-ಐ, ಸೀಸರ್, ಡಿವಿ, ಎ-ವಿ-ಜಿ, ಎಫ್, ಆಗಸ್ಟಸ್. ದೇವರಾದ ಆಗಸ್ಟಸ್‌ನ ಮಗ ಟೈಬೀರಿಯಸ್ ಸೀಸರ್ ಆಗಸ್ಟಸ್. ಎ-ವಿ-ಜಿ ನೋಡಿದ ತಕ್ಷಣ ಆಗಸ್ಟಸ್ ನಾಣ್ಯ ಅಂತ ಎಷ್ಟೋ ಜನ ಬರ್ಕೊಂಡ್‌ಬಿಡ್ತಾರೆ, ಅಲ್ಲಿರೋದು ಅಪ್ಪನ ಹೆಸರು, ಮೊದಲ ಟಿ-ಐ ನೋಡಿರಲ್ಲ. ಹಿಂದೆ ಕುರ್ಚಿ ಮೇಲೆ ಕೂತ ಹೆಣ್ಣು, ಒಂದು ಕೈಲಿ ರಾಜದಂಡ, ಇನ್ನೊಂದರಲ್ಲಿ ಕೊಂಬೆ, ಪಕ್ಕದಲ್ಲಿ ಪಾಂಟಿಫ್ ಮ್ಯಾಕ್ಸಿಮ್ ಅನ್ನೋ ಅಕ್ಷರ, ಮೇಲೆ ಹೇಳಿದ ಪಿ-ಎಂ ಇದೇ. ಶಾಂತಿದೇವತೆ ಅಂತಾರೆ, ಅವನ ತಾಯಿ ಲಿವಿಯಾ ಅಂತಾನೂ ಅಂತಾರೆ. ಬೈಬಲ್‌ನಲ್ಲಿ ಯೇಸು ನಾಣ್ಯ ತರಿಸಿ "ಇದರ ಮೇಲಿರೋ ಮುಖ ಯಾರದು" ಅಂತ ಕೇಳೋ ಪ್ರಸಂಗ ಇದೆಯಲ್ಲ, ಆ ನಾಣ್ಯ ಇದೇ ಅಂತ ಸಾಮಾನ್ಯವಾಗಿ ಹೇಳೋದು.

ಇನ್ನೊಂದು, ಟ್ರೇಜನ್‌ಂದು. ಮುಂದೆ ಐ-ಎಂ-ಪಿ, ಟ್ರೇಯಾನೋ, ಎ-ವಿ-ಜಿ, ಜಿ-ಇ-ಆರ್, ಡಿ-ಎ-ಸಿ, ಪಿ-ಎಂ, ಟಿ-ಆರ್-ಪಿ. ಜಿ-ಇ-ಆರ್ ಜರ್ಮನ್ನರನ್ನ ಗೆದ್ದೋನು, ಡಿ-ಎ-ಸಿ ಡೇಸಿಯಾ ಗೆದ್ದೋನು, ಈಗಿನ ರೊಮೇನಿಯಾ ಕಡೆ. ಇಲ್ಲಿ ಟಿ-ಆರ್-ಪಿ ಇದೆ, ಸಂಖ್ಯೆ ಇಲ್ಲ, ಬಿಡಿ. ಹಿಂದೆ ಸಿ-ಒ-ಎಸ್ ಆದ್ಮೇಲೆ ವಿ, ಅಂದ್ರೆ ಐದನೇ ಕಾನ್ಸಲ್‌ಗಿರಿ. ಅವನು ಐದನೇ ಸಲ ಕಾನ್ಸಲ್ ಆಗಿದ್ದು 103ರಲ್ಲಿ, ಆರನೇದು 112ರಲ್ಲಿ. ಸೋ ನಿಮ್ಮ ನಾಣ್ಯ 103 ರಿಂದ 111ರ ಒಳಗಿಂದು. ಹೇಡ್ರಿಯನ್ ಈ ಲೆಕ್ಕದಲ್ಲಿ ಕೈ ಕೊಡ್ತಾನೆ, 119ರಲ್ಲಿ ಮೂರನೇ ಸಲ ಕಾನ್ಸಲ್ ಆಗಿ ಆಮೇಲೆ 138ರಲ್ಲಿ ಸಾಯೋ ತನಕ ಮತ್ತೆ ಆಗ್ಲೇ ಇಲ್ಲ. ಪಿ-ಪಿ ಇದ್ರೆ 128ರ ಈಚೆಗಿಂದು ಅಂತ ಹೇಳ್ಬಹುದು, ಅಷ್ಟೇ ಸಮಾಧಾನ.

ಹೆಜ್ಜೆ 6: ಹಿಂದಿನ ಚಿತ್ರದಲ್ಲಿ ಕೈ ನೋಡಿ

ಬೇಲೂರಿಗೋ ಸೋಮನಾಥಪುರಕ್ಕೋ ಹೋದಾಗ ಗೈಡ್ ಏನ್ ಮಾಡ್ತಾನೆ? ಮುಖ ತೋರ್ಸಲ್ಲ, ಶಂಖ ಯಾವ ಕೈಲಿದೆ ಚಕ್ರ ಯಾವ ಕೈಲಿದೆ ಅಂತ ತೋರ್ಸಿ ಇವನು ಕೇಶವ ಇವನು ಜನಾರ್ದನ ಅಂತಾನೆ. ರೋಮನ್ ನಾಣ್ಯಕ್ಕೂ ಇದೇ ಸೂತ್ರ, ಒಂದಿಷ್ಟೂ ಬದಲಾವಣೆ ಬೇಡ. ಹಿಂದೆ ನಿಂತಿರೋ ಹೆಣ್ಣುಗಳೆಲ್ಲ ಒಂದೇ ಥರ ಸೀರೆ ಉಟ್ಟಂಗೆ ಕಾಣ್ತಾರೆ, ವ್ಯತ್ಯಾಸ ಇರೋದೆಲ್ಲ ಕೈಯಲ್ಲಿ.

ತಕ್ಕಡಿ ಇದ್ರೆ ಈಕ್ವಿಟಾಸ್, ನ್ಯಾಯವಾದ ತೂಕ, ಅಥವಾ ಮೊನೇಟಾ, ಇಬ್ಬರದ್ದೂ ಒಂದೇ ವೇಷ, ಅಕ್ಷರ ನೋಡಿಯೇ ಹೇಳ್ಬೇಕು. ಹಡಗಿನ ಚುಕ್ಕಾಣಿ ಮೇಲೆ ಕೈ ಇಟ್ಟಿದ್ರೆ ಫಾರ್ಚೂನಾ, ಅದೃಷ್ಟ ಯಾವ ಕಡೆ ಬೇಕಾದ್ರೂ ತಿರುಗ್ಸತ್ತಲ್ಲ ಅದಕ್ಕೆ. ಆಲಿವ್ ಕೊಂಬೆ ಪಾಕ್ಸ್, ಶಾಂತಿ. ಅಗಲ ಬಟ್ಲಲ್ಲಿ ಹಾವಿಗೆ ಉಣ್ಣಿಸ್ತಿದ್ರೆ ಸಾಲುಸ್, ಆರೋಗ್ಯ. ಎರಡು ಹಾವು ಸುತ್ಕೊಂಡ ಕೋಲು ಫೆಲಿಸಿಟಾಸ್, ಸುಖ. ತೆನೆ ಹಿಡಿದು ಕಾಲ ಹತ್ರ ಧಾನ್ಯ ಅಳೆಯೋ ಕೊಳಗ ಇದ್ರೆ ಅನ್ನೋನಾ, ರೋಮ್ ನಗರಕ್ಕೆ ರೇಷನ್ ಬಂತು ಅಂತ ಸುದ್ದಿ. ಹೂ ಹಿಡಿದು ಇನ್ನೊಂದು ಕೈಲಿ ನೆರಿಗೆ ಸ್ವಲ್ಪ ಎತ್ಕೊಂಡು ನಡೀತಿದ್ರೆ ಸ್ಪೆಸ್, ಆಸೆ. ರೆಕ್ಕೆ, ಹಾರ, ಖರ್ಜೂರದ ಮರದ ಗರಿ ಇದ್ರೆ ವಿಕ್ಟೋರಿಯಾ, ಗೆಲುವು, ಅವಳಂತೂ ಎಲ್ಲ ಕಡೆ ಸಿಗ್ತಾಳೆ. ಹಣ್ಣು ಕಾಳು ತುಂಬಿ ಚೆಲ್ಲೋ ಕೊಂಬು ಅರ್ಧಕ್ಕರ್ಧ ಜನರ ಕೈಲಿರತ್ತೆ, ಅದೊಂದನ್ನೇ ನಂಬ್ಕೊಂಡು ತೀರ್ಮಾನ ಮಾಡ್ಬೇಡಿ.

ಕಂಬಕ್ಕೆ ಕವಚ ಗುರಾಣಿ ಕಟ್ಟಿ ಅದರ ಬುಡದಲ್ಲಿ ಯಾರೋ ತಲೆ ಮೇಲೆ ಕೈ ಹೊತ್ತು ಕೂತಿದ್ರೆ ಅದು ಸೋತ ದೇಶ. ಚಕ್ರವರ್ತಿ ವೆಸ್ಪೇಸಿಯನ್ ಹೊಡೆಸಿದ ಜೂಡಿಯಾ (ಯಹೂದಿಗಳ ನಾಡು) ನಾಣ್ಯದಲ್ಲಿ ಹೀಗೇ ಒಬ್ಬ ಹೆಂಗಸು ಕೂತಿದಾಳೆ, ಕ್ರಿ.ಶ. 70ರಲ್ಲಿ ಜೆರುಸಲೇಮ್ ಬಿದ್ದ ಸುದ್ದಿ. ಟಿವಿ ಪೇಪರ್ ಇಲ್ಲದ ಕಾಲ, ಆಗಸ್ಟಸ್ ಕಾಲದ ಸೈನಿಕನಿಗೆ ವರ್ಷಕ್ಕೆ 225 ದಿನಾರಿಯಸ್ ಸಂಬಳ, ಅವನ ಕೈಗೆ ಬರ್ತಿದ್ದ ಸರ್ಕಾರದ ಪ್ರಕಟಣೆ ಅಂದ್ರೆ ಇದು.

ಹೆಜ್ಜೆ 7: ಈಗ ಮುಖ

ಇಲ್ಲಿ ಒಂದೇ ವಿಷಯ ಮುಖ್ಯ, ತಲೆ ಮೇಲೆ ಏನಿದೆ. ಎಲೆ ಹಾರ ಇದ್ರೆ ದಿನಾರಿಯಸ್. ಸೂರ್ಯನ ಕಿರಣದಂಗೆ ಮುಳ್ಳು ಮುಳ್ಳು ಕಿರೀಟ ಇದ್ದು ನಾಣ್ಯ ದೊಡ್ಡದಿದ್ರೆ ಅದು ಕ್ಯಾರಕಲ್ಲಾ 215ರಲ್ಲಿ ತಂದ ಆಂಟೋನಿನಿಯಾನಸ್, ರಾಣಿ ಆದ್ರೆ ಭುಜದ ಕೆಳಗೆ ಅರ್ಧಚಂದ್ರ. ಎರಡು ದಿನಾರಿಯಸ್ ಬೆಲೆ ಅಂತ ಇಟ್ಟಿದ್ರು ಅಂತಾರೆ, ಬೆಳ್ಳಿ ಮಾತ್ರ ಒಂದೂವರೆಯಷ್ಟು. 270ರ ಹೊತ್ತಿಗೆ ಅದ್ರಲ್ಲಿ ಬೆಳ್ಳಿ ನೂರಕ್ಕೆ ಮೂರೋ ನಾಲ್ಕೋ, ಹೆಸರಿಗೆ ಬೆಳ್ಳಿ ನಾಣ್ಯ.

ಹೆಜ್ಜೆ 8: ಹೋಲಿಸಿ ನೋಡಿ

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸೋ ಎರಡು ಫ್ರೀ ಡೇಟಾಬೇಸ್ ಇವೆ, ಚಕ್ರವರ್ತಿಗಳ ಕಾಲಕ್ಕೆ ಓಕ್ರೆ, ರಿಪಬ್ಲಿಕ್‌ಗೆ ಸಿ-ಆರ್-ಆರ್-ಒ. ನಿಮಗೆ ಓದೋಕೆ ಸಿಕ್ಕ ನಾಲ್ಕಕ್ಷರ ಹಾಕಿದ್ರೂ ಪಟ್ಟಿ ಬರತ್ತೆ, ಹಿಂದಿನ ಚಿತ್ರದ ದೇವತೆ ಹೆಸರು ಹಾಕಿ ಸೋಸಿ. ಕಣ್ಣಾರೆ ನೋಡ್ಬೇಕಂದ್ರೆ ಚೆನ್ನೈ ಎಗ್ಮೋರ್ ಮ್ಯೂಸಿಯಂಗೆ ಹೋಗ್ಬನ್ನಿ, ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ.

ದಕ್ಷಿಣ ಭಾರತದಲ್ಲಿ ಯಾಕೆ ಅಂದ್ರೆ, ಮೆಣಸು, ಮುತ್ತು, ಬಟ್ಟೆಗೆ ರೋಮನ್ನರು ಕೊಡ್ತಿದ್ದಿದ್ದೇ ಬೆಳ್ಳಿ ಬಂಗಾರ. ಬೆಂಗಳೂರಲ್ಲೇ ಯಶವಂತಪುರದಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ರ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ನಾಣ್ಯ ಸಿಕ್ಕಿವೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದಿನಾರಿಯಸ್ ಸಿಕ್ಕಿದೆ. ಮೂವರೂ ನೀರೋಗಿಂತ ಮುಂಚಿನವರು ಅನ್ನೋದು ಗಮನಿಸಿ. ನೀರೋ ಬೆಳ್ಳಿ ಇಳಿಸಿದ ಮೇಲೆ ಇಲ್ಲಿನ ವ್ಯಾಪಾರಿಗಳು ಹಳೇ ನಾಣ್ಯನೇ ಕೇಳ್ತಿದ್ರು ಅನ್ನೋದು ಸಾಮಾನ್ಯವಾಗಿ ಕೊಡೋ ಕಾರಣ. ರೋಮನ್ ಲೇಖಕ ಪ್ಲಿನಿ ಬರೆದಿರೋ ಒಂದು ಕಥೆ ಇದಕ್ಕೆ ಚೆನ್ನಾಗಿ ಹೊಂದತ್ತೆ: ಸಿಂಹಳದ ರಾಜನ ಕೈಗೆ ದಿನಾರಿಯಸ್‌ಗಳು ಸಿಕ್ಕಾಗ ಅವನು ಮೆಚ್ಚಿದ್ದು, ಬೇರೆ ಬೇರೆ ಮುಖ ಇದ್ರೂ ತೂಕ ಮಾತ್ರ ಎಲ್ಲ ಒಂದೇ ಅನ್ನೋದನ್ನ. ಆ ರಾಜನೂ ಹೆಜ್ಜೆ 1ರಿಂದಲೇ ಶುರು ಮಾಡಿದ್ದ.

ಹೆಜ್ಜೆ 9: ಕಾಗದ ಪತ್ರ

ಮನೆ ಪಾಯ ತೆಗೆಯೋವಾಗ, ಹೊಲ ಉಳೋವಾಗ ಸಿಕ್ಕಿದ್ರೆ ಅದು ನಿಮ್ಮದೇ ಅಂತ ಇಟ್ಕೊಳ್ಳೋ ಹಾಗಿಲ್ಲ, ನಿಧಿ ಕಾಯ್ದೆ ಪ್ರಕಾರ ಡಿಸಿಗೆ ತಿಳಿಸ್ಬೇಕು. ನೂರು ವರ್ಷ ದಾಟಿದ ನಾಣ್ಯ ದೇಶದಿಂದ ಹೊರಗೆ ಒಯ್ಯೋದೂ ಅಪರಾಧ. ದುಡ್ಡು ಕೊಟ್ಟು ತಗೊಳ್ಳೋವಾಗ ಬಿಲ್ ಕೇಳಿ, ಹಿಂದೆ ಯಾರ ಹತ್ರ ಇತ್ತು ಅಂತಲೂ ಕೇಳಿ. ಬ್ರೂಟಸ್‌ನ ಕಠಾರಿ ನಾಣ್ಯದ ಬಂಗಾರದ ಪ್ರತಿಯೊಂದು 2020ರಲ್ಲಿ ಲಂಡನ್ ಹರಾಜಲ್ಲಿ ಸುಮಾರು 42 ಲಕ್ಷ ಡಾಲರ್‌ಗೆ ಹೋಯ್ತು, ಆಮೇಲೆ ಅದರ ಹಿನ್ನೆಲೆ ಕಾಗದ ಸುಳ್ಳು ಅಂತ ಗೊತ್ತಾಗಿ 2023ರಲ್ಲಿ ಗ್ರೀಸ್‌ಗೆ ವಾಪಸ್ ಕೊಡಬೇಕಾಯ್ತು.

ಹೆಜ್ಜೆ 10: ಚೀಟಿ ಬರೀರಿ

ನಾಣ್ಯದ ಜೊತೆ ಒಂದು ಸಣ್ಣ ಚೀಟಿ ಇಡಿ. ಯಾರದು, ಎಲ್ಲಿ ಹೊಡೆದದ್ದು, ಇಸವಿ, ತೂಕ, ಅಗಲ, ಮುಂದೆ ಏನು, ಹಿಂದೆ ಏನು, ಯಾರಿಂದ ಬಂತು. ಓದಿದ್ದನ್ನ ಮಾತ್ರ ಬರೀರಿ, ಊಹೆ ಮಾಡಿದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ.

ನನ್ನ ಆ ವಿಭೂತಿ ನಾಣ್ಯದ ಚೀಟಿ ಹೀಗಿದೆ. ಮಾರ್ಕ್ ಆಂಟನಿ, ಕ್ರಿ.ಪೂ. 32-31, ತೂಕ 3.21 ಗ್ರಾಂ. ಮುಂದೆ ಹುಟ್ಟು ಹಾಕೋ ಯುದ್ಧದ ಹಡಗು, ಹಿಂದೆ ಎರಡು ಧ್ವಜದ ಮಧ್ಯೆ ಸೇನೆಯ ಹದ್ದು, ಕೆಳಗೆ ಎಲ್-ಇ-ಜಿ. ಕ್ಲಿಯೋಪಾತ್ರ ಜೊತೆ ಸೇರಿ ಆಗಸ್ಟಸ್ ಮೇಲೆ ಯುದ್ಧಕ್ಕೆ ಹೊರಟಾಗ ಸೈನಿಕರ ಸಂಬಳಕ್ಕೆ ಹೊಡೆಸಿದ್ದು, ಬೆಳ್ಳಿ ಸ್ವಲ್ಪ ಕಮ್ಮಿ ಹಾಕಿದ್ದ, ಅದಕ್ಕೆ ಜನ ಒಳ್ಳೇ ನಾಣ್ಯ ಬಚ್ಚಿಟ್ಟು ಇದನ್ನೇ ಚಲಾಯಿಸ್ತಾ ಹೋದ್ರು, ಇನ್ನೂರು ವರ್ಷ ಆದ್ಮೇಲೂ ಚಲಾವಣೆಯಲ್ಲಿತ್ತು, ಇಷ್ಟು ಸವೆದಿರೋದು ಅದಕ್ಕೇ. ಈ ನಾಣ್ಯಗಳೆಲ್ಲ ನೋಡೋಕೆ ಒಂದೇ ಥರ, ವ್ಯತ್ಯಾಸ ಇರೋದು ಎಲ್-ಇ-ಜಿ ಪಕ್ಕದಲ್ಲಿರೋ ಲೀಜನ್ (ರೋಮನ್ ಸೇನೆಯ ದೊಡ್ಡ ತುಕಡಿ) ಸಂಖ್ಯೆಯಲ್ಲಿ ಮಾತ್ರ. ನನ್ನದ್ರಲ್ಲಿ ಒಂದು ಎಕ್ಸ್ ಉಳಿದಿದೆ, ಅದರ ಮುಂದೆ ನುಣ್ಣಗೆ ಹೊಳೆಯೋ ಬೆಳ್ಳಿ. ಹನ್ನೆರಡನೇ ಲೀಜನ್ನೋ ಹದಿಮೂರನೇದೋ ಹದಿನಾರನೇದೋ. ಚೀಟಿಯಲ್ಲಿ ಆ ಜಾಗಕ್ಕೆ ಪ್ರಶ್ನೆ ಚಿಹ್ನೆ ಹಾಕಿದೀನಿ.